ಹನ್ನೊಂದು ಸೆಕೆಂಡು

ಬೆಟಗೇರಿ, ಗದಗ
೨೪ ಫೆಬ್ರವರಿ ೨೦೦೨, ಭಾನುವಾರ

ಪ್ರೀತಿಯ ನಿಶಾತಳಿಗೆ,

ಉಡಚಕ್ಕನ ಆಶೀರ್ವಾದ. ನಿನ್ನೆ ಬಕ್ರೀದ್ ಹಬ್ಬ ನಿಮ್ಮ ಮನೆಯಲ್ಲಿ ಚೆನ್ನಾಗಿ ಆಗಿರಬೇಕು. ಹಬ್ಬಕ್ಕೆ ಮುಟ್ಟುವಂತೆ ಬರೆಯಬೇಕೆಂದು ಎರಡು ವಾರದಿಂದ ಕಾಗದ ತೆಗೆಯುವುದು, ನಿನ್ನ ಹೆಸರು ಬರೆಯುವುದು, ಮತ್ತೆ ಮಡಚಿಡುವುದು, ಇದೇ ಆಯಿತು. ತಡವಾದದ್ದಕ್ಕೆ ಬೇಕಾದಷ್ಟು ಬೈದುಕೋ. ಫೋನ್ ಮಾಡಬಹುದಿತ್ತಲ್ಲ ಎಂದು ಮಾತ್ರ ಹೇಳಬೇಡ. ಮೂರು ಸಲ ಮಾಡಿದೆ. ಮೂರು ಸಲವೂ ನನ್ನ ಧ್ವನಿ ಕೇಳಿದ ಕೂಡಲೇ ಆ ಕಡೆ ರಿಸೀವರ್ ಇಳಿಯಿತು. ಜಿಲ್ಲೆಯವರ ಮಾತನ್ನೆಲ್ಲ ಜೋಡಿಸಿಕೊಟ್ಟ ಇಬ್ಬರು ಟೆಲಿಫೋನ್ ಆಪರೇಟರುಗಳ ನಡುವೆ ಈಗ ಅಂಚೆಯವನು ಓಡಾಡಬೇಕಾಗಿದೆ ನೋಡು.

ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು, ಬಕ್ರೀದ್ ದಿನ ನಾನು ನನ್ನ ಮನೆಯಲ್ಲೇ ಉಂಡೆ. ನೀನು ನನಗಾಗಿ ಬೇರೆ ಪಾತ್ರೆಯಲ್ಲಿ ಮಾಡಿಡುತ್ತಿದ್ದ ಶಾವಿಗೆ ಇಲ್ಲ, ನಿನ್ನ ಅಮ್ಮಿಯ "ಇನ್ನೊಂದೀಟ ಹಾಕ್ಕೋ ಉಡಚವ್ವಾ" ಎನ್ನುವ ಒತ್ತಾಯವೂ ಇಲ್ಲ. ಮಧ್ಯಾಹ್ನ ರೊಟ್ಟಿ ತಟ್ಟಲೂ ಬೇಸರವಾಗಿ ಅವಲಕ್ಕಿ ನೆನೆಸಿಕೊಂಡು ತಿಂದೆ. ಯಾರಾದರೂ ಬಾಗಿಲು ಬಡಿಯಬಹುದು ಎಂದು ಸಂಜೆಯವರೆಗೆ ಒಳ್ಳೆಯ ಸೀರೆಯಲ್ಲೇ ಕೂತಿದ್ದೆ.

ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಬೋರ್ಡಿಗೆ ಈಗ ಬಟ್ಟೆ ಹೊದಿಸಿದ್ದಾರೆ. ಓಣಿಗೊಂದು ಎಸ್‌ಟಿಡಿ ಬೂತು ಆದಮೇಲೆ ನಮ್ಮನ್ನು ಕೇಳುವವರು ಯಾರು? ನನ್ನನ್ನು ದೂರಿನ ಫೋನಿಗೆ ಕೂರಿಸಿದ್ದಾರೆ. ಮುಂಡರಗಿಯಿಂದ ಒಬ್ಬ ಪುಣ್ಯಾತ್ಮ ದಿನಾ ಹತ್ತಕ್ಕೆ ಸರಿಯಾಗಿ ಫೋನ್ ಮಾಡಿ, "ಬಾಯಾರ, ನಮ್ಮ ಫೋನು ಸತ್ತೈತ್ರಿ" ಎನ್ನುತ್ತಾನೆ. ಸತ್ತ ಫೋನಿನಿಂದ ಹೇಗೆ ಮಾತಾಡುತ್ತೀಯಪ್ಪಾ ಎಂದರೆ, "ಬಾಜೂ ಮನಿಯಿಂದ್ರಿ" ಎಂದು ಅವನೇ ನಗುತ್ತಾನೆ. ಇಡೀ ದಿನದಲ್ಲಿ ನನ್ನ ಜೊತೆ ನಗುವವನು ಅವನೊಬ್ಬನೇ.

ಕ್ಲಬ್ಬಿನಲ್ಲಿ ನಾವು ಮೂರೇ ಮಂದಿ ಉಳಿದೆವು: ನಾನು, ನಮಗಿಬ್ಬರಿಗೂ ಎಲೆ ಹಿಡಿಯಲು ಕಲಿಸಿದ ಲೈನ್ ಇನ್ಸ್‌ಪೆಕ್ಟರ್ ತಿರಕಪ್ಪ, ಆಫೀಸಿನ ಗುಮಾಸ್ತ ಮೌನೇಶ. ಬ್ರಿಜ್ ಎಲೆಯಾಟಕ್ಕೆ ನಾಲ್ವರು ಬೇಕೇ ಬೇಕು. ತಿರಕಪ್ಪ ದಿನಾ ಐದಕ್ಕೆ ಬಂದು ಕೂಡುತ್ತಾನೆ. "ಮೂರು ಮಂದಿ ಕೂತು ಏನ್ ಆಡೂದವ್ವಾ? ಎಲಿ ಬಿಸಲಿಗೆ ಒಣಗಿಸೂನೇನ?" ಎಂದು ಗೊಣಗಿ, ಚಹಾ ಕುಡಿದು ಏಳುತ್ತಾನೆ. ಕಳೆದ ವಾರ ಮೌನೇಶ ತನ್ನ ಹೆಂಡತಿ ಸೀಮಾಳನ್ನು ನಾಲ್ಕನೆಯವಳಾಗಿ ಕರೆತಂದ. ಒಳ್ಳೆಯ ಹುಡುಗಿ, ಆದರೆ ಕೈಗೆ ಎಕ್ಕ ಬಂದರೆ ಊರಿಗೆಲ್ಲ ಗೊತ್ತಾಗುವಂತೆ ನಗುತ್ತಾಳೆ. ಅವಳು ಕೂತದ್ದು ನಿನ್ನ ಕುರ್ಚಿಯಲ್ಲಿ. ನನಗೆ ಆಟದಲ್ಲಿ ಮನಸ್ಸು ನಿಲ್ಲಲಿಲ್ಲ.

ಅವಳೇ ಕೇಳಿದಳು: "ಅಕ್ಕಾರ, ನಾಗಪುರದ ಟೂರ್ನಮೆಂಟಿನ್ಯಾಗ ಒಂದೀಟು ತಡಾ ಮಾಡಿದ್ದಕ್ಕ ನಿಶಾತಕ್ಕನ ಹೆಸರು ಬೋರ್ಡಿಗೆ ಹಚ್ಚಿದ್ರಂತ, ಖರೇನ್ರಿ? ತಡಾ ಮಾಡೂದೂ ತಪ್ಪೇನ್ರಿ?"

ಅವಳಿಗೆ ತಿಳಿಯುವಂತೆ ಹೇಳಿದೆ. ಎದುರುಬದುರು ಕೂತ ಜೊತೆಗಾರರು ಮಾತಾಡುವಂತಿಲ್ಲ. ಸರದಿ ಬಂದಾಗ ಡಬ್ಬಿಯಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಡಬೇಕು. ಇಷ್ಟು ಕೈ ಗೆಲ್ಲುತ್ತೇವೆ ಎನ್ನುವ ಕೂಗು, ಇಲ್ಲವೇ ಪಾಸ್. ಬಹಳ ಹೊತ್ತು ಬಿಟ್ಟು ಪಾಸ್ ಇಟ್ಟರೆ, ನನ್ನ ಕೈಯಲ್ಲಿ ಏನೋ ಇದೆ, ಕೂಗುವಷ್ಟು ಇಲ್ಲ ಎಂದು ಹೇಳಿದ ಹಾಗೆಯೇ. ಯೋಚಿಸಲು ತಡ ಮಾಡುವುದು ತಪ್ಪಲ್ಲ. ಬೇಕೆಂದೇ ತಡ ಮಾಡಿ ಸನ್ನೆ ಕೊಡುವುದು ತಪ್ಪು, ಆ ತಡವನ್ನು ಓದಿಕೊಂಡು ಜೊತೆಗಾರ ಕೂಗುವುದೂ ತಪ್ಪು.

"ಮತ್ತ ನಿಶಾತಕ್ಕ ಯಾಕ ತಡಾ ಮಾಡಿದ್ರು?"

"ರೋಜಾ ಬಿಡೂ ಹೊತ್ತಾಗಿತ್ತವಾ. ಪರ್ಸಿನ್ಯಾಗಿಂದ ಖರ್ಜೂರ ತಗದು ಬಾಯಾಗ ಹಾಕ್ಕೊಂಡು ಆಮ್ಯಾಲ ಚೀಟಿ ಇಟ್ಲು."

"ಇಷ್ಟ? ಅವರಿಗೆ ಅದನ್ನ ಹೇಳಿದ್ರ ಮುಗೀತಿತ್ತಲ್ರಿ!"

"ಹೇಳೀನಿ," ಎಂದೆ. ಆಮೇಲೆ ಎಲೆ ಹಂಚಲು ಅವಳಿಗೆ ಕೊಟ್ಟೆ.

ಅದಕ್ಕೇ ಈ ಲಕೋಟೆಯಲ್ಲಿ ಇನ್ನೊಂದು ಕಾಗದ ಇಟ್ಟಿದ್ದೇನೆ. ರಾಷ್ಟ್ರೀಯ ಬ್ರಿಜ್ ಮಹಾಸಂಘಕ್ಕೆ ನಮ್ಮ ಮೇಲ್ಮನವಿ. ತೊಂಬತ್ತು ದಿನದೊಳಗೆ ಇಬ್ಬರೂ ಜೊತೆಗಾರರು ಸಹಿ ಹಾಕಿ ಕಳಿಸಬೇಕೆಂಬುದು ಅವರ ನಿಯಮ. ಮಾರ್ಚ್ ಹತ್ತಕ್ಕೆ ಗಡುವು ಮುಗಿಯುತ್ತದೆ. ಅಷ್ಟರಲ್ಲಿ ಹೋಗದಿದ್ದರೆ 'ಜೊತೆಗಾರ್ತಿಗೆ ಸನ್ನೆ ಕೊಟ್ಟವಳು' ಎಂಬ ಮಾತು ನಿನ್ನ ಹೆಸರಿಗೆ ಅಂಟಿಕೊಂಡೇ ಇರುತ್ತದೆ. ಎರಡು ವರ್ಷ ಎಲ್ಲಿಯೂ ಆಡುವಂತಿಲ್ಲ. ನನ್ನ ಸಹಿ ಹಾಕಿದ್ದೇನೆ, ನಿನ್ನದಕ್ಕೆ ಪೆನ್ಸಿಲ್ ಗುರುತು ಮಾಡಿದ್ದೇನೆ.

ಓದಿ ನೋಡು, ಒಂದನ್ನೂ ಬಿಟ್ಟಿಲ್ಲ. ಗದಗ ಜಿಲ್ಲೆಯಾಗಿ ನಾಲ್ಕು ವರ್ಷ ದಾಟಿತು, ಅವರ ಪಟ್ಟಿಯಲ್ಲಿ ಇನ್ನೂ ಧಾರವಾಡವೇ. ರಮಜಾನ್ ತಿಂಗಳು, ಆಟ ಎಷ್ಟು ಹೊತ್ತಿಗೆ ಎಂದು ನಾವು ಮೊದಲೇ ಬರೆದು ಕೇಳಿದ್ದೆವಲ್ಲ; ಮಧ್ಯಾಹ್ನ ಒಂದಕ್ಕೆ ಶುರು, ನಾಲ್ಕೂವರೆಗೆ ಮುಕ್ತಾಯ ಎಂದು ಸೀಲು ಹಾಕಿ ಉತ್ತರ ಕೊಟ್ಟಿದ್ದರು. ವೇಳೆ ಬದಲಾಗಬಹುದು ಎಂಬ ಎರಡನೆಯ ಪತ್ರ ಧಾರವಾಡಕ್ಕೆ ಹೋಗಿ, ಅಲ್ಲಿ ಇಲ್ಲಿ ತಿರುಗಿ, ನಾವು ವಾಪಸ್ ಬಂದ ಮೇಲೆ ಜನವರಿಯಲ್ಲಿ ನನ್ನ ಕೈಗೆ ಬಂತು. ಅಲ್ಲಿ ಗಂಡಸರ ಫೈನಲ್ ಮುಗಿಯಲಿಲ್ಲವೆಂದು ಹಾಲ್ ಬಿಡಲಿಲ್ಲ, ನಮ್ಮನ್ನು ನಾಲ್ಕಕ್ಕೆ ಕೂರಿಸಿದರು. ರೋಜಾ ಇರುವವರು ಯಾರಾದರೂ ಇದ್ದಾರೆಯೇ ಎಂದು ಕೇಳುವ ಸೌಜನ್ಯ ಒಬ್ಬರಿಗೂ ಇರಲಿಲ್ಲ. ಗಂಡಸರ ಮೇಜಿಗೆ ನಡುವೆ ಪರದೆ ಕಟ್ಟಿದ್ದರು, ಜೊತೆಗಾರರು ಒಬ್ಬರನ್ನೊಬ್ಬರು ನೋಡದಂತೆ. ನಮಗೂ ಕಟ್ಟಿ ಎಂದರೆ, ಹೆಂಗಸರ ಆಟಕ್ಕೆ ಅಷ್ಟೆಲ್ಲ ಯಾಕೆ ಎಂದ ಆ ಸಂಘಟಕನ ಮುಖ ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಮರುದಿನ ಬೆಳಿಗ್ಗೆಯ ವಿಚಾರಣೆಯಂತೂ ಕೇಳಬೇಡ. ದೂರು ಕೊಟ್ಟ ಎದುರಾಳಿಯ ಗಂಡನೇ ಸಮಿತಿಯ ಮೂವರಲ್ಲಿ ಒಬ್ಬ! ನಿನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನನ್ನೊಬ್ಬಳನ್ನೇ ಕರೆದರು. ಜೊತೆಗಾರ್ತಿ ತಡ ಮಾಡಿದ್ದು ನಿಜವೇ ಎಂದು ಕೇಳಿದರು. ಹೌದು, ಹನ್ನೊಂದು ಸೆಕೆಂಡು ಎಂದೆ. ಗಡಿಯಾರ ಹಿಡಿದು ಕೂತಿದ್ದಿರಾ ಎಂದು ನಕ್ಕರು. ಮೂರು ನಿಮಿಷದ ಕಾಲ್ ಮುಗಿಯುವುದನ್ನು ಗಡಿಯಾರ ನೋಡದೆ ಹೇಳುವ ಟ್ರಂಕ್ ಆಪರೇಟರ್ ನಾನು; ಕಿವಿಯಲ್ಲಿ ಸದ್ದು ನಿಂತರೆ ಸಾಕು, ತಲೆಯೊಳಗೆ ಎಣಿಕೆ ಶುರುವಾಗುತ್ತದೆ ಎಂದು ಅವರಿಗೆ ಹೇಗೆ ತಿಳಿಸಲಿ? ಅವಳು ಕಾರಣವಿಲ್ಲದೆ ತಡ ಮಾಡುವವಳಲ್ಲ ಎಂದೂ ಹೇಳಿದೆ. ನಿನ್ನ ಪರವಾಗಿ ಎಂದುಕೊಂಡೇ ಹೇಳಿದ್ದು. ಅವರು ಅದನ್ನೇ ಇಂಗ್ಲಿಷಿನಲ್ಲಿ, ಬೇಕೆಂದೇ ತಡ ಮಾಡಿದಳು ಎಂಬ ಅರ್ಥ ಬರುವಂತೆ ಬರೆದುಕೊಂಡರು, ನಾನು ಸಹಿ ಹಾಕಿದೆ. ವೇಳೆಯಿಲ್ಲವೆಂದು ನಿನ್ನನ್ನು ಒಳಗೆ ಕರೆಯಲೇ ಇಲ್ಲ. ಮಧ್ಯಾಹ್ನ ಬೋರ್ಡಿನ ಮೇಲೆ ನಿನ್ನ ಹೆಸರು. ಉಪವಾಸ ಬಿಡುವ ಹೊತ್ತಾಗಿತ್ತೆಂದು ನಾನು ತಿಳಿಸಿದರೂ ಸಮಿತಿ ದಾಖಲಿಸಲಿಲ್ಲ ಎಂದು ಮನವಿಯಲ್ಲಿ ಹಾಕಿದ್ದೇನೆ. ತಿರಕಪ್ಪ ಓದಿ, "ಈ ಒಂದ ಮಾತ ಸಾಕವ್ವಾ, ನಿಶಾತನ ಹೆಸರು ಚೊಕ್ಕ ಆಗ್ತೈತಿ," ಎಂದ.

ಜನವರಿಯಲ್ಲಿ ನೀನು ಲಕ್ಷ್ಮೇಶ್ವರಕ್ಕೆ ವರ್ಗ ಕೇಳಿಕೊಂಡದ್ದು ನನಗೆ ಆರ್ಡರ್ ಬಂದಮೇಲೆ ಮೌನೇಶನಿಂದ ಗೊತ್ತಾಯಿತು. ಬಂದು ನೋಡೋಣವೆಂದು ಹೋದ ತಿಂಗಳ ಕೊನೆಯ ಭಾನುವಾರ ಬಸ್ ಹತ್ತಿದೆ. ನಿನ್ನ ತಮ್ಮ ಯೂಸುಫ ಬಾಗಿಲಿಗೇ ಬಂದ. "ಅಕ್ಕಾ ಮನಿಯಾಗ ಇಲ್ರಿ, ಶಿರಹಟ್ಟಿಗೆ ಹೋಗ್ಯಾಳ್ರಿ," ಎಂದ. ನಿನ್ನ ಚಪ್ಪಲಿ ಹೊಸ್ತಿಲ ಹತ್ತಿರವೇ ಇದ್ದವು. ಅವನೂ ನೋಡಿದ, ನಾನೂ ನೋಡಿದೆ. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಹುಡುಗ, "ಚಾ ಅರ ಕುಡದು ಹೋಗ್ರಿ ಅಕ್ಕಾರ," ಎಂದು ಕಟ್ಟೆಯ ಮೇಲೆ ಕೂರಿಸಿದ. ಒಳಗೆ ಬಟ್ಟಲು ಇಟ್ಟ ಸದ್ದು ಕೇಳಿತು. ಸಕ್ಕರೆ ಕಡಿಮೆ, ಶುಂಠಿ ಜಾಸ್ತಿ. ಆ ಚಹಾ ಮಾಡಿದವಳು ಯಾರೆಂದು ನನಗೆ ಗೊತ್ತಾಗದೆ ಇರುತ್ತದೆಯೇ? ಕುಡಿದು, ಬಟ್ಟಲು ಕಟ್ಟೆಯ ಮೇಲಿಟ್ಟು ಬಂದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಯಾಕೆ ಅಳುತ್ತೀರಿ ಎಂದು ಕೇಳಿದಳು. ಕಣ್ಣಿಗೆ ಧೂಳು ಎಂದೆ.

ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡು ಸೊರಟೂರಿನಿಂದ ಈ ಊರಿಗೆ ಬಂದು ನೌಕರಿ ಮಾಡಿದವಳು ನಾನು. ಒಂಟಿತನ ನನಗೆ ಹೊಸದಲ್ಲ ಎಂದುಕೊಂಡಿದ್ದೆ. ಆದರೆ ನಡುವೆ ಹತ್ತೊಂಬತ್ತು ವರ್ಷ ನೀನಿದ್ದೆ, ಆ ರೂಢಿ ತಪ್ಪಿಹೋಗಿದೆ. ಈಗ ಮತ್ತೆ ಮೊದಲಿನಿಂದ ಕಲಿಯಲು ಈ ವಯಸ್ಸಿನಲ್ಲಿ ನನ್ನಿಂದ ಆಗುತ್ತಿಲ್ಲ.

ಸಹಿ ಹಾಕಿ ಕಳಿಸು ತಾಯಿ. ಒಂದು ಮಾತೂ ಬರೆಯಬೇಡ ಬೇಕಾದರೆ, ಬರೀ ಸಹಿ ಸಾಕು. ಅಮ್ಮಿಗೆ ನನ್ನ ಶರಣು ಹೇಳು, ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಬಿಡದಿರಲಿ. ಯೂಸುಫನಿಗೆ ಬೈಯಬೇಡ. ನಿನಗೆ ಆಯುಷ್ಯ, ಆರೋಗ್ಯ, ನೆಮ್ಮದಿ, ಎಲ್ಲವೂ ಸಿಗಲಿ. ನನ್ನ ಪಾಲಿನದೂ ನಿನಗೇ ಸಿಗಲಿ.

ನಿನ್ನ
ಉಡಚಕ್ಕ

ತಾ.ಕ.: ಲಕೋಟೆ ಅಂಟಿಸಲು ಕೂತೆ, ಕೈ ಬರಲಿಲ್ಲ.

ಸಮಿತಿಯ ಮುಂದೆ ರೋಜಾದ ಸಂಗತಿ ನಾನು ಹೇಳಲೇ ಇಲ್ಲ ನಿಶಾತ. ಮುಚ್ಚಿಟ್ಟದ್ದಲ್ಲ, ನೆನಪಿಗೇ ಬರಲಿಲ್ಲ. ಹೊರಗೆ ಬಂದಾಗ ನೀನು ಬೆಂಚಿನಿಂದ ಎದ್ದು, "ರೋಜಾ ಬಿಡೂ ಹೊತ್ತಾಗಿತ್ತಂತ ಹೇಳಿದಿಲ್ಲಕ್ಕಾ?" ಎಂದು ಕೇಳಿದೆಯಲ್ಲ, ಆಗಲೇ ನನಗೆ ಹೊಳೆದದ್ದು. "ಹೇಳೀನಿ, ಅವರು ಬರ್ಕೊಳ್ಳಲಿಲ್ಲ," ಎಂದುಬಿಟ್ಟೆ. ನೀನು ನನ್ನ ಮುಖವನ್ನೇ ನೋಡುತ್ತ ನಿಂತೆ. ನಿನಗೆ ಅಲ್ಲೇ ಗೊತ್ತಾಗಿತ್ತು.

ಇನ್ನೊಂದು ನಿನಗೂ ಗೊತ್ತಿಲ್ಲ. ಮೇಜಿನಲ್ಲಿ ನೀನು ತಡ ಮಾಡಿದಾಗ ನಾನು ತಲೆ ಎತ್ತಿ ನೋಡಲಿಲ್ಲ; ಖರ್ಜೂರದ ಸಂಗತಿ ಆಮೇಲೆ ನೀನು ಹೇಳಿ ಗೊತ್ತಾದದ್ದು. ನನ್ನ ಎಲೆಗಳನ್ನೇ ನೋಡುತ್ತ ಎಣಿಸಿದೆ. ಇವಳ ಹತ್ತಿರ ಇಸ್ಪೇಟಿನ ರಾಜ ಇದೆ, ಅದಕ್ಕೇ ಯೋಚಿಸುತ್ತಿದ್ದಾಳೆ ಎಂದುಕೊಂಡೆ. ಆ ಧೈರ್ಯದ ಮೇಲೆಯೇ ನಾಲ್ಕು ಇಸ್ಪೇಟು ಕೂಗಿದೆ. ನನ್ನ ಕೈಯ ಎಲೆಗೆ ಆ ಕೂಗು ಇರಲಿಲ್ಲ. ಮೂರನೆಯ ಸ್ಥಾನದಲ್ಲಿದ್ದೆವು, ಅದು ಕೈಬಿಟ್ಟು ಹೋಗಬಾರದು ಎನ್ನುವುದೊಂದೇ ತಲೆಯಲ್ಲಿತ್ತು. ರಾಜ ನಿಜಕ್ಕೂ ನಿನ್ನ ಹತ್ತಿರ ಇದ್ದದ್ದು ನಮ್ಮ ದುರ್ದೈವ, ಸನ್ನೆಯೆಂಬ ದೂರಿಗೆ ಅದೇ ಸಾಕ್ಷಿಯಾಯಿತು. ಮಹಾಸಂಘದ ಮೇಲೆ ನಾನು ಬರೆದದ್ದೆಲ್ಲ ನಿಜ. ಆದರೆ ಮೋಸ ಮಾಡಿದವಳು ನಾನು, ಬೋರ್ಡಿಗೆ ಹೋದದ್ದು ನಿನ್ನ ಹೆಸರು.

ಆ ಮನವಿಗೆ ಸಹಿ ಹಾಕಬೇಡ, ಹರಿದು ಒಗೆ. ನಡೆದದ್ದನ್ನು ನಡೆದಂತೆ ಬೇರೆ ಕಾಗದದಲ್ಲಿ ಬರೆದಿದ್ದೇನೆ. ನಾಳೆ ನನ್ನೊಬ್ಬಳ ಸಹಿಯಲ್ಲಿ ರಿಜಿಸ್ಟರ್ ಅಂಚೆಗೆ ಹಾಕುತ್ತೇನೆ. ಅದನ್ನು ಓದಿದ ಮೇಲೆ ನನ್ನನ್ನು ಯಾವ ಮೇಜಿಗೂ ಸೇರಿಸುವುದಿಲ್ಲ. ಸೇರಿಸದಿರಲಿ. ನೀನು ವಾಪಸ್ ಬಾ ಎಂದು ಕೇಳುವ ಮುಖ ನನಗಿಲ್ಲ.

ಆ ದಿನ ನಾಗಪುರದ ರೂಮಿನಲ್ಲಿ ನಸುಕಿನ ನಾಲ್ಕಕ್ಕೆ ಎದ್ದು, ರೋಜಾ ಹಿಡಿಯುವ ಮೊದಲಿನ ಸಹರಿಗೆಂದು ನಿನಗೆ ಹಾಲು ಕಾಸಿ ಕೊಟ್ಟವಳು ನಾನೇ. ಸಂಜೆ ಐದೂವರೆಗೆ ನೀನು ಹಸಿದಿದ್ದೀ ಎಂಬುದೇ ನನಗೆ ನೆನಪಿರಲಿಲ್ಲ.