ನಿನ್ನ ಕೈಯಲ್ಲಿ ನಾನು ಬರೆಸಿದ ವಾಕ್ಯ

ಪವಿತ್ರಾ,

ಇತ್ತ ಎಲ್ಲರೂ ಕ್ಷೇಮ. ಅತ್ತ ನಿನ್ನ ಕ್ಷೇಮ ಕೇಳುವ ಮುಖ ನನಗಿಲ್ಲ, ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ಬರುತ್ತೇನೆ ಅನ್ನುವುದೂ ಅನುಮಾನವೇ. ಸಂವಿಧಾನದ ಹತ್ತೊಂಬತ್ತನೇ ವಿಧಿ ಹೇಳಬೇಕಾದರೂ ಊರೆಲ್ಲ ಸುತ್ತಿ ಬರುವ ಮೇಷ್ಟ್ರು ನಾನು ಅಂತ ನಿಮ್ಮ ಕ್ಲಾಸಿನವರೇ ಆಡಿಕೊಳ್ಳುತ್ತಿದ್ದಿರಲ್ಲ.

ಜೂನ್‌ನಲ್ಲಿ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕೆಯಲ್ಲ, ಅವತ್ತಿನಿಂದ ನನಗೆ ಸರಿಯಾಗಿ ಪಾಠ ಮಾಡಲಾಗಿಲ್ಲ. ನೀನು ಗಾರ್ಮೆಂಟ್ಸ್ ಕೆಲಸ ಮುಗಿಸಿ, ಕೊರಳಲ್ಲಿ ಐಡಿ ಕಾರ್ಡ್ ಹಾಕಿಕೊಂಡೇ ನರಸೀಪುರದ ಬಸ್ಸಿಗೆ ಕಾಯುತ್ತಿದ್ದೆ. ನಿಜ ಹೇಳಬೇಕೆಂದರೆ ನಾನು ನಿನ್ನನ್ನು ಮೊದಲೇ ನೋಡಿದ್ದೆ. ನೋಡಿ ಕಂಬದ ಮರೆಗೆ ಸರಿದಿದ್ದೆ. ನೀನೇ ಹುಡುಕಿಕೊಂಡು ಬಂದು "ಚೆನ್ನಾಗಿದ್ದೀರಾ ಸಾ" ಅಂದೆ. ಮತ್ತೆ ಓದಬೇಕೆಂದು ಅಲ್ಲಿಯ ಕಾಲೇಜೊಂದಕ್ಕೆ ಹೋಗಿದ್ದಾಗಿ, ಟಿ.ಸಿ.ಯಲ್ಲಿ ನಡತೆಯ ಎದುರು "ತೃಪ್ತಿಕರವಲ್ಲ" ಎಂದಿದ್ದುದನ್ನು ನೋಡಿ ವಾಪಸ್ ಕಳಿಸಿದರೆಂದು ಹೇಳಿದೆ. ಇನ್ನು ನನಗೆ ಬೈಯುತ್ತೀಯ ಅಂತ ಕಾದೆ. ನೀನು "ಓಗ್ಲಿ ಬುಡಿ ಸಾ, ನೀವಾದ್ರೂ ಏನ್ ಮಾಡಕ್ಕಾಯ್ತಿತ್ತು" ಅಂದುಬಿಟ್ಟೆ. ಬೈದಿದ್ದರೆ ಚೆನ್ನಾಗಿತ್ತು ಕಣಮ್ಮ.

ಏನು ಮಾಡಬಹುದಿತ್ತು ಅಂತ ನನಗೆ ಗೊತ್ತು. ಒಂದು ವಾಕ್ಯ ಹೇಳಬಹುದಿತ್ತು.

ನನ್ನ ಶನಿವಾರದ ಚರ್ಚೆಯ ಪದ್ಧತಿ ನಿನಗೆ ನೆನಪಿರುತ್ತದೆ. ಪರ, ವಿರೋಧ ಅಂತ ಚೀಟಿ ಬರೆದು, ನನ್ನ ಊಟದ ಡಬ್ಬಿಗೆ ಹಾಕಿ ಕುಲುಕುತ್ತಿದ್ದೆ. ಯಾರಿಗೆ ಯಾವ ಚೀಟಿ ಬರುತ್ತದೋ ಅವರು ಆ ಕಡೆ ಮಾತಾಡಬೇಕು, ನಂಬಿಕೆ ಇರಲಿ ಬಿಡಲಿ. ಅದರ ಮೇಲೆ ನನ್ನದೊಂದು ಅಧಿಕಪ್ರಸಂಗದ ನಿಯಮ: "ಇದು ನನ್ನ ಸ್ವಂತ ಅಭಿಪ್ರಾಯವಲ್ಲ" ಅಂತ ಯಾರೂ ಹೇಳಕೂಡದು, ಹೇಳಿದರೆ ಎರಡು ಅಂಕ ಕಟ್. ಬೇರೆಯವರ ಮಾತನ್ನು ನಮ್ಮದೇ ಅನ್ನುವಷ್ಟು ಅರ್ಥ ಮಾಡಿಕೊಂಡು ಆಡಬೇಕು ಅಂತ ಭಾಷಣ ಬಿಗಿದಿದ್ದೆ.

ಎರಡು ವರ್ಷದ ಹಿಂದಿನ ಆ ಶನಿವಾರದ ವಿಷಯ, ದೇವರನ್ನು ಹೀಗಳೆಯುವ ಮಾತನ್ನು ಸರ್ಕಾರ ನಿಷೇಧಿಸಬೇಕೆ ಅನ್ನುವುದು. ನಿಷೇಧಿಸಬಾರದು ಅನ್ನುವ ಚೀಟಿ ನಿನಗೆ ಬಂತು. ಸೋಮವಾರ ಒಪ್ಪೊತ್ತು ಇರುವ, ಪರೀಕ್ಷೆ ಬಂದರೆ ನಂಜುಂಡೇಶ್ವರನಿಗೆ ಹರಕೆ ಕಟ್ಟಿಕೊಳ್ಳುವ ಹುಡುಗಿಗೆ. ನನಗೋ ಒಳಗೊಳಗೇ ಖುಷಿ. ನೀನು ಮೇಜಿನ ಹತ್ತಿರ ಬಂದು, "ಸಾ, ಇದು ನಂದಲ್ಲ ಅಂತ ಒಂದೇ ಒಂದ್ ಮಾತು ಏಳ್ಬುಡ್ಲಾ?" ಅಂತ ಮೆಲ್ಲಗೆ ಕೇಳಿದೆ. ಎರಡು ಅಂಕ ಹೋಗುತ್ತದೆ ನೋಡು ಅಂತ ನಕ್ಕೆ.

ಅಬ್ಬಾ, ಎಂಥ ಮಾತಾಡಿದೆ ಅವತ್ತು. ಕೊನೆಗೆ, "ದೇವರನ್ನ ನಾವು ಕಾಯ್ಬೇಕಾಗಿಲ್ಲ, ದೇವರೇ ನಮ್ಮನ್ನ ಕಾಯ್ತಾನೆ. ಕಾಯ್ಬೇಕಾಗಿರೋದು ಅವನನ್ನ ಬೈದೋನ್ನ" ಅಂದೆ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನಾನು. ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ನಡುವಿನ ಮಾತು ಕತ್ತರಿಸಿ, ದೇವರನ್ನು ಕಾಯಬೇಕಾಗಿಲ್ಲ, ಬೈದವನನ್ನು ಕಾಯಬೇಕು ಅನ್ನುವಷ್ಟನ್ನೇ ಉಳಿಸಿ ವಾಟ್ಸಾಪಿಗೆ ಬಿಟ್ಟರು. ಚಪ್ಪಾಳೆಯನ್ನೂ ಕತ್ತರಿಸಿದ್ದರು, ನನ್ನ ಅದೃಷ್ಟ ನೋಡು.

ಸೋಮವಾರ ನಿಮ್ಮೂರಿನ ಯಜಮಾನರು ಎರಡು ಕಾರು ಮಾಡಿಕೊಂಡು ಕಾಲೇಜಿಗೆ ಬಂದರು. ಪ್ರಿನ್ಸಿಪಾಲ್ ಕೃಷ್ಣಕುಮಾರ್ ಅವರ ಕೋಣೆಯ ಬಾಗಿಲಲ್ಲಿ ನಿಮ್ಮಪ್ಪ ಪುಟ್ಟರಾಜು, ಹೆಗಲ ಟವಲನ್ನು ಕೈಗೆ ತೆಗೆದುಕೊಂಡು ನಿಂತಿದ್ದರು. ನಿನ್ನ ಗೆಳತಿ ಶ್ವೇತ ಚೀಟಿಯ ವಿಷಯ ಹೇಳಲೆಂದೇ ಬಂದಿದ್ದಳು. ಕ್ಲಾಸಿಗೆ ಹೋಗು ಅಂತ ಗದರಿ ಕಳಿಸಿದವನು ನಾನೇ. ಹುಡುಗಿ ತಾನಾಗಿ ಹೇಳಿದ್ದೋ, ನೀವು ಹೇಳಿಸಿದ್ದೋ ಅಂತ ಪ್ರಿನ್ಸಿಪಾಲರು ಕೇಳಿದರು. ನೀನು ನನ್ನ ಮುಖ ನೋಡಿದೆ. ಮುಂದಿನ ವರ್ಷಕ್ಕೆ ಯಾವ ಅತಿಥಿ ಉಪನ್ಯಾಸಕರನ್ನು ಉಳಿಸಿಕೊಳ್ಳುವುದು ಅನ್ನುವ ಪಟ್ಟಿ ಆ ವಾರವೇ ಬರಬೇಕಿತ್ತು. ಹನ್ನೊಂದು ವರ್ಷದಿಂದ ಆ ಪಟ್ಟಿಯನ್ನು ಜೀವ ಕೈಯಲ್ಲಿ ಹಿಡಿದು ಓದುತ್ತಾ ಬಂದವನು ನಾನು.

"ವಿಷಯ ನಾನು ಕೊಟ್ಟಿದ್ದು ಸಾರ್. ಅಭಿಪ್ರಾಯ ಅವಳದು" ಅಂದೆ.

ನೀನು ಬಾಯಿ ಬಿಡಲಿಲ್ಲ. ಮೇಷ್ಟ್ರನ್ನು ಸಿಕ್ಕಿಸಬಾರದು ಅಂತಲೋ, ಆ ಎರಡು ಅಂಕದ ನಿಯಮ ಅಲ್ಲಿಯೂ ನಡೆಯುತ್ತದೆ ಅಂದುಕೊಂಡೆಯೋ, ಇವತ್ತಿಗೂ ಕೇಳುವ ಧೈರ್ಯ ನನಗಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಕ್ಷಮಾಪಣೆ ಪತ್ರ ಬರೆಸುವ ಕೆಲಸ ನನ್ನ ಪಾಲಿಗೇ ಬಂತು. ಸ್ಟಾಫ್ ರೂಮಿನಲ್ಲಿ ನಿನ್ನನ್ನು ಕೂರಿಸಿ, ನೋಟ್ಸ್ ಕೊಡುವ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ. "ಮೇಲ್ಕಂಡ ಮಾತುಗಳು ನನ್ನ ಸ್ವಂತ ಅಭಿಪ್ರಾಯವಾಗಿದ್ದು" ಅಂದಾಗ ನಿನ್ನ ಪೆನ್ನು ನಿಂತಿತು. ನಾನು "ಬರಿ" ಅಂದೆ. ನೀನು ಬರೆದೆ. ಅದೇ ಕಾಗದ ಇಟ್ಟುಕೊಂಡು ನಿನ್ನ ಟಿ.ಸಿ.ಯಲ್ಲಿ ನಡತೆ ನಮೂದಿಸಿದರು, ನಿಮ್ಮಪ್ಪ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ನಿನ್ನನ್ನು ಕರೆದುಕೊಂಡು ಹೋದರು. ಪಟ್ಟಿಯಲ್ಲಿ ನನ್ನ ಹೆಸರು ಬಂತು. ನನ್ನ ಹೆಂಡತಿ ಸುನೀತಾ ಪಾಯಸ ಮಾಡಿದಳು, ನಾನು ಎರಡು ಲೋಟ ಕುಡಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಆಮೇಲೂ ಪ್ರತಿ ವರ್ಷ ವಾಕ್ ಸ್ವಾತಂತ್ರ್ಯದ ಪಾಠ ಮಾಡಿದ್ದೇನೆ, ಕೈ ಬೀಸಿಕೊಂಡು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತ ನಮ್ಮವ್ವ ಯಾರಿಗೆ ಹೇಳುತ್ತಿದ್ದಳೋ ಏನೋ.

ಈಗ ಕೇಳು. ನಿನ್ನೆ ಪ್ರಿನ್ಸಿಪಾಲರಿಗೆ ಬರೆದು ಕೊಟ್ಟಿದ್ದೇನೆ. ಅವಳಿಗೆ ಆ ಪಕ್ಷ ಬಂದದ್ದು ನನ್ನ ಚೀಟಿಯಿಂದ, ತನ್ನದಲ್ಲ ಎಂದು ಹೇಳಲು ಬಂದವಳನ್ನು ತಡೆದವನು ನಾನು, ಕ್ಷಮಾಪಣೆಯ ಆ ವಾಕ್ಯವೂ ನನ್ನದು ಅಂತ. ಹಳೆಯದನ್ನು ಯಾಕೆ ಕೆದಕುತ್ತೀರಿ ಅಂತ ಅವರು ಹಾಳೆಯನ್ನು ಹಿಂದಕ್ಕೆ ತಳ್ಳಿದರು. ನಾನು ಆಫೀಸಿಗೆ ಹೋಗಿ ಗುಮಾಸ್ತ ಚಿಕ್ಕಸ್ವಾಮಿಯ ಕೈಗೆ ಕೊಟ್ಟು ಸೀಲು ಹಾಕಿಸಿಕೊಂಡೆ. ನಕಲು ಇದರ ಜೊತೆಗಿದೆ, ನಿಮ್ಮಪ್ಪನಿಗೆ ತೋರಿಸು. ಸೀಲು ಬಿದ್ದ ಕಾಗದವನ್ನು ಸಮಿತಿಯ ಮುಂದಿಡದೆ ಅವರಿಗೆ ವಿಧಿಯಿಲ್ಲ. ಬರುವ ಗುರುವಾರ ಹನ್ನೊಂದು ಗಂಟೆಗೆ ಕಾಲೇಜಿನ ಸಮಿತಿ ಕೂರುತ್ತದೆ. ಅವರು ಒಪ್ಪಿದರೆ ಹೊಸ ಟಿ.ಸಿ. ಸಿಗುತ್ತದೆ. ನಂಜನಗೂಡಿನ ಕಾಲೇಜಿನಲ್ಲಿ ವಿಚಾರಿಸಿದೆ, ತಿಂಗಳ ಕೊನೆಯವರೆಗೂ ಸೇರಿಸಿಕೊಳ್ಳುತ್ತಾರಂತೆ.

ಮೇಷ್ಟ್ರು ದೊಡ್ಡ ಮನುಷ್ಯರಾದರು ಅಂದುಕೊಳ್ಳಬೇಡ. ನೀನು ಸಿಕ್ಕಿದ್ದು ಜೂನ್‌ನಲ್ಲಿ. ಈ ವರ್ಷದ ಪಟ್ಟಿ ತಡವಾಗಿ, ಮೊನ್ನೆ ಬಂತು. ಅದರಲ್ಲಿ ನನ್ನ ಹೆಸರು ನೋಡಿಕೊಂಡ ಮೇಲೆಯೇ ನಾನು ಪೆನ್ನು ತೆಗೆದದ್ದು. ನೀನು ಹೊಲಿಗೆ ಮಿಷಿನ್ ಮುಂದೆ ಕೂತಿರುವಾಗ ಎರಡು ತಿಂಗಳು ಬಾಯಿ ಮುಚ್ಚಿಕೊಂಡು ಕಾದೆ. ಪ್ರಿನ್ಸಿಪಾಲರಿಗೆ ಕೊಟ್ಟ ಕಾಗದದಲ್ಲಿ ಇದನ್ನು ಬರೆದಿಲ್ಲ. ನಿನಗೆ ಬರೆಯುತ್ತಿದ್ದೇನೆ.

ಗುರುವಾರ ರಜೆ ಸಿಕ್ಕರೆ ಬಾ. ಬಂದರೆ ನನ್ನ ಪಕ್ಕ ಕೂರಬೇಡ, ಎದುರಿಗೆ ಕೂರು. ಅವರ ಮುಂದೆ ಹೆದರಿ ನಾನು ಏನಾದರೂ ನುಂಗಿಕೊಂಡರೆ ನನ್ನ ಮುಖ ನೋಡುತ್ತಾ ಕಾಯಬೇಡ ತಾಯಿ. ಎದ್ದು ನಿಂತು ನೀನೇ ಹೇಳು.

ನಿನ್ನ ಓದು ಮುಂದುವರಿಯಲಿ, ನಿನಗೆ ಒಳ್ಳೆಯದಾಗಲಿ ಎಂದು ಹಾರೈಸುವ,

ತಪ್ಪಿತಸ್ಥ ಮೇಷ್ಟ್ರು
ಮಹಾದೇವಸ್ವಾಮಿ
ತಿ. ನರಸೀಪುರ