ಮುಂದಿನ ಸಾಲಿನಲ್ಲಿ ಅಕ್ಕ

ಮಾರ್ಚ್ ೩, ಸಂಜೆ

ಆ ಕಥೆ ಮೊದಲು ಹೇಳಿದವನು ನಮ್ಮ ಡ್ರಮ್ಮರ್. ಎರಡನೇ ಆಲ್ಬಮ್ ಬಂದ ವರ್ಷ, ರೇಡಿಯೋದಲ್ಲಿ. ಎತ್ತರದ ಹಿಮ್ಮಡಿಯ ಬೂಟು ಹಾಕಿಕೊಂಡು ಸ್ಟೇಜ್ ಮೇಲೆ ನಾನು ಜಾರಿದೆನಂತೆ, ಬೀಳುವ ಬದಲು ಕಾಲು ಎಳೆದುಕೊಂಡೇ ಪಿಯಾನೋ ತನಕ ನಡೆದೆನಂತೆ, ಜನ ಹುಚ್ಚೆದ್ದು ಕುಣಿದರಂತೆ. ಇವತ್ತು ಮೇಕಪ್‌ನವನು ರೆಪ್ಪೆಗೂದಲು ಅಂಟಿಸುತ್ತಿದ್ದಾಗ ಪತ್ರಿಕೆಯವಳೂ ಅದನ್ನೇ ಕೇಳಿದಳು.

"ನಿಜ ತಾನೇ ಸರ್?"

ಹೂಂ ಅಂದೆ.

"ಕಣ್ಣು ಅಲ್ಲಾಡಿಸಬೇಡಿ," ಅಂದ ಮೇಕಪ್‌ನವನು.

ಜಾರಿರಲಿಲ್ಲ. ಅದು ಅಕ್ಕನ ನಡಿಗೆ. ಚಿಕ್ಕಂದಿನ ಜ್ವರದಲ್ಲಿ ಅವಳ ಬಲಗಾಲು ಸೊರಗಿತು. ಒಂದು ಹೆಜ್ಜೆ, ಒಂದು ಎಳೆತ, ಭುಜ ಮೇಲಕ್ಕೆ, ಕೈ ಗಾಳಿಯಲ್ಲಿ. ಅವತ್ತು ಜನ ಆಕಳಿಸುತ್ತಿದ್ದರು, ಏನಾದರೂ ಮಾಡಬೇಕಿತ್ತು, ಅದು ಕೈಗೆ ಸಿಕ್ಕಿತು. ನಕ್ಕರು. ಬೆಳ್ಳಿ ಪ್ಯಾಂಟು, ಗರಿಯ ಕೋಟು, ಕೆಂಪು ಪಿಯಾನೋ — ಎಲ್ಲ ಆ ನಗುವಿನ ಹಿಂದೆ ಬಂದವು.

ಮಾರ್ಚ್ ೫

ಅಕ್ಕ ಫೋನ್ ಮಾಡಿದ್ದಳು. ಈಗಲೂ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಾಳೆ.

"ಗುಂಡಾ, ಒಂದು ತಮಾಷೆ ಕೇಳು. ಕ್ಲಾಸ್ ಮುಗಿಸಿ ಹೊರಗೆ ಬಂದ್ರೆ ಮಕ್ಕಳೆಲ್ಲ ನನ್ನ ಹಿಂದೆ ಕಾಲೆಳ್ಕೊಂಡು ಸಾಲಾಗಿ ಬರ್ತಿದ್ವು ಕಣೋ. ಊಟಾನೇ ಸೇರ್ಲಿಲ್ಲ ನಂಗೆ. ಬಾತ್‌ರೂಮಿಗೆ ಹೋಗಿ ಅತ್ತೆ, ಈ ವಯಸ್ಸಲ್ಲಿ. ಕೊನೆಗೆ ಒಬ್ಬಳನ್ನ ಹಿಡ್ಕೊಂಡು ಕೇಳಿದ್ರೆ — ಅಯ್ಯೋ ಮಿಸ್, ನಿಮ್ಮದಲ್ಲ, ನಿಮ್ಮ ತಮ್ಮನ ಡಾನ್ಸು ಅಂತಾಳೆ!"

ನಕ್ಕಳು. ನಾನೂ ನಕ್ಕೆ.

ನನ್ನ ಹಾಡು ಅವಳು ಕೇಳುತ್ತಾಳೆ, ನೋಡುವುದಿಲ್ಲ. ಆ ಬಟ್ಟೆ ನೋಡಿದರೆ ನಗು ಬಂದು ಹಾಡು ತಪ್ಪಿಹೋಗುತ್ತದಂತೆ. ಈಗ ನೋಡಬೇಕಂತೆ. ಹತ್ತನೇ ತಾರೀಕಿನ ಶೋಗೆ ಬರುತ್ತಾಳೆ. "ಅಷ್ಟು ಅಳಿಸಿದ್ದು ಏನು ಅಂತ ಕಣ್ಣಾರೆ ನೋಡ್ಬೇಡ್ವಾ?"

ಪಿಯಾನೋ ಕಲಿಸಿದವಳೂ ಅವಳೇ. ಪೆಡಲ್ ಒತ್ತಲು ಆ ಕಾಲಿಗೆ ಶಕ್ತಿ ಇರಲಿಲ್ಲ. ನಾನು ಕೆಳಗೆ ಕೂತು ಕೈಯಲ್ಲಿ ಒತ್ತುತ್ತಿದ್ದೆ. ಅವಳು ಹೂಂ ಅಂದರೆ ಒತ್ತು, ಉಹೂಂ ಅಂದರೆ ಬಿಡು. ತಲೆಯ ಮೇಲೆ ಆ ದೊಡ್ಡ ಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ನನಗೆ ಗೊತ್ತಿರುವ ಸಂಗೀತವೆಲ್ಲ ಅಲ್ಲಿಂದಲೇ…

ಮಾರ್ಚ್ ೬

ಹತ್ತನೇ ತಾರೀಕು ನಡಿಗೆ ಬೇಡ ಅಂದೆ. ಮ್ಯಾನೇಜರ್ ನನ್ನ ಮುಖ ನೋಡಿದ.

"ಯಾಕೆ ಬಾಸ್?"

"ಮಂಡಿ ನೋವು."

ಡಾಕ್ಟರನ್ನೇ ಕರೆಸಿಬಿಟ್ಟ. ಡಾಕ್ಟರ್ ಮಂಡಿ ಮಡಚಿ, ಬಿಡಿಸಿ, ತಟ್ಟಿ, "ಕುದುರೆ ಹಾಗಿದ್ದೀರಿ" ಅಂದರು. ಹೋಗುವಾಗ ಬ್ಯಾಗು ಹಿಡಿದುಕೊಂಡೇ ಬಾಗಿಲ ತನಕ ಆ ನಡಿಗೆ ನಡೆದು ತೋರಿಸಿದರು. ಮೊಮ್ಮಗಳು ಹೀಗೇ ಮಾಡುತ್ತಾಳಂತೆ. ಸರಿಯಾಗಿದೆಯಾ ಅಂತ ಕೇಳಿದರು.

ಸರಿಯಾಗಿತ್ತು.

"ಅದಿಲ್ಲದೆ ನೀನು ಬರೀ ಹೊಳೆಯೋ ಪ್ಯಾಂಟು," ಅಂದ ಮ್ಯಾನೇಜರ್. ನಿಜವಾದ ಕಾರಣ ಹೇಳಲು ಬಾಯಿ ಬರಲಿಲ್ಲ. ಆದರೆ ಮಾಡುವುದಿಲ್ಲ. ಇದು ಖಂಡಿತ.

ಮಾರ್ಚ್ ೧೦, ಸಂಜೆ

ಮಾಡಿದೆ.

ಮಧ್ಯಾಹ್ನದ ಶೋ, ಬಯಲಲ್ಲಿ. ಅಕ್ಕ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಸೀರೆ, ತೊಡೆ ಮೇಲೆ ಕೈಚೀಲ. ಪಿಯಾನೋ ಬಿಟ್ಟು ಏಳಲೇ ಇಲ್ಲ ನಾನು. ಕೊನೆಯ ಹಾಡು ಬಂತು. ಜನ ಚಪ್ಪಾಳೆ ತಟ್ಟತೊಡಗಿದರು, ಒಂದೇ ತಾಳ — ನಡಿಗೆ, ನಡಿಗೆ. ತಲೆ ತಗ್ಗಿಸಿ ನುಡಿಸುತ್ತಲೇ ಇದ್ದೆ. ಒಮ್ಮೆ ಕಣ್ಣೆತ್ತಿದರೆ ಅಕ್ಕನೂ ಚಪ್ಪಾಳೆ ತಟ್ಟುತ್ತಿದ್ದಾಳೆ. ಅವಳೂ ಕೂಗುತ್ತಿದ್ದಾಳೆ. ಪಕ್ಕದವರಿಗೆ ನನ್ನನ್ನು ತೋರಿಸಿ ಏನೋ ಹೇಳುತ್ತಿದ್ದಾಳೆ. ನನ್ನ ತಮ್ಮ ಅಂತಲೇ ಇರಬೇಕು.

ಅವಳಿಗೋಸ್ಕರ ಎದ್ದೆ ಅಂತ ಬರೆಯಬಹುದು. ಸುಳ್ಳು. ಆ ಕೂಗಿಗೆ ಎದ್ದೆ. ಕಾಲು ತಾನಾಗಿಯೇ ಎದ್ದಿತು.

ಮೊದಲ ಹೆಜ್ಜೆಗೆ ನಕ್ಕಳು. ಎರಡನೆಯದಕ್ಕೂ. ಆಮೇಲೆ ಚಪ್ಪಾಳೆ ನಿಂತಿತು. ಕೈ ಮೆಲ್ಲಗೆ ಹೋಗಿ ಬಲಮಂಡಿಯ ಮೇಲೆ ಕೂತಿತು. ಸೀರೆಯ ನೆರಿಗೆ ಎಳೆದು ಪಾದ ಮುಚ್ಚಿಕೊಂಡಳು. ಪಕ್ಕದವರು ಅವಳ ಕಡೆ ತಿರುಗಿ ನಕ್ಕರು — ಆಗ ಮತ್ತೆ ಚಪ್ಪಾಳೆ ತಟ್ಟಲು ಶುರು ಮಾಡಿದಳು. ಮುಗಿಯುವ ತನಕ ತಟ್ಟಿದಳು.

ಗ್ರೀನ್ ರೂಮಿಗೆ ಬಂದಳು. ಮ್ಯಾನೇಜರ್ ಕುರ್ಚಿ ಹಾಕಿದ. ಕೂರಲಿಲ್ಲ.

"ಗಂಟಲು ಚೆನ್ನಾಗಿದೆ ಗುಂಡಾ. ನೀರು ಕುಡಿ."

ಕುಡಿದೆ.

"ಹೀಗಾ ನಾನು ಕಾಣೋದು?"

ಕೋಪ ಇರಲಿಲ್ಲ. ದಾರಿ ಕೇಳುವವರ ಹಾಗೆ ಕೇಳಿದಳು. ನನ್ನ ಮುಖದ ತುಂಬ ಮಿನುಗು ಮೆತ್ತಿತ್ತು, ಟವೆಲಿನಿಂದ ಒರೆಸತೊಡಗಿದೆ. ಸುಸ್ತಾಗಿದೆ ಅಂತ ಹೋಟೆಲಿಗೆ ಹೊರಟಳು. ಯಾರೂ ಜೊತೆಗೆ ಬರುವುದು ಬೇಡ ಅಂದಳು. ನಮಗೆ ಬೆನ್ನು ಕಾಣದ ಹಾಗೆ ಗೋಡೆಗೆ ಒರಗಿ ಒರಗಿ ಬಾಗಿಲು ದಾಟಿದಳು.

ಅವಳು ಹೋದ ಮೇಲೆ ಬ್ಯಾಂಡಿನವರಿಗೆ ಎಲ್ಲ ಹೇಳಿದೆ. ಡ್ರಮ್ಮರ್, "ಇಷ್ಟು ವರ್ಷ ಆ ಸುಳ್ಳನ್ನ ನನ್ನ ಬಾಯಲ್ಲಿ ಹೇಳಿಸಿದೆಯಲ್ಲೋ" ಅಂದ.

ಮಾರ್ಚ್ ೧೧, ಬೆಳಿಗ್ಗೆ

ನಾವೆಲ್ಲ ಲಿಫ್ಟಿನ ಹತ್ತಿರ ನಿಂತಿದ್ದೆವು. ಆ ತುದಿಯ ರೂಮಿನಿಂದ ಅಕ್ಕ ಹೊರಗೆ ಬಂದಳು. ಉದ್ದನೆಯ ಕಾರಿಡಾರ್. ಹೆಜ್ಜೆ, ಎಳೆತ. ಗಿಟಾರಿನವನು ಬಗ್ಗಿ ಶೂ ಲೇಸ್ ಕಟ್ಟಿಕೊಂಡ, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿಕೊಂಡ. ಮ್ಯಾನೇಜರ್ ಫೋನ್ ನೋಡಿದ. ಡ್ರಮ್ಮರ್ ಲಿಫ್ಟಿನ ಬಾಗಿಲು ಹಿಡಿದುಕೊಂಡು ಚಾವಣಿ ನೋಡುತ್ತಿದ್ದ.

ಅಕ್ಕ ಅರ್ಧ ದಾರಿಯಲ್ಲಿ ನಿಂತಳು.

"ನೋಡ್ರಪ್ಪಾ, ನೋಡಿ. ಇಲ್ಲಿ ಟಿಕೆಟ್ ಇಲ್ಲ."

ಯಾರೂ ನಗಲಿಲ್ಲ. ಡ್ರಮ್ಮರನ ಕಣ್ಣಲ್ಲಿ ನೀರು. ನಾನು ಮುಂದೆ ಹೋಗಿ ಕೈ ಚಾಚಿದೆ. ಕೈ ಕೊಡಲಿಲ್ಲ, ಚೀಲ ಕೊಟ್ಟಳು.

ಲಿಫ್ಟಿನೊಳಗೆ ಒತ್ತಾಗಿ ನಿಂತೆವು.

"ಇವತ್ತೂ ಶೋ ಇದೆಯಾ?"

"ಇದೆ ಅಕ್ಕಾ."

"ಕೂಗ್ತಾರಲ್ಲ ಅವರು, ನಿನ್ನೆ ಹಾಗೆ. ಆಗ ಏನ್ ಮಾಡ್ತೀಯ?"

ಎಲ್ಲರೂ ನನ್ನ ಕಡೆ ತಿರುಗಿದರು. ಮಾಡುವುದಿಲ್ಲ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಚಪ್ಪಾಳೆ ನೆನಪಾಗಿ ಕಾಲು ತಾನಾಗಿಯೇ ಲಿಫ್ಟಿನ ನೆಲದ ಮೇಲೆ ತಾಳ ಹಾಕತೊಡಗಿತು.