ಅವಳು ಮಾಡಿಟ್ಟ ಪುಡಿ

ಅಮ್ಮ,

ನಮಸ್ಕಾರ. ನಾನು ಪ್ರಯೋಗಾಲಯದಲ್ಲಿ ನಿಮ್ಮ ಮಗಳ ಪಕ್ಕದ ಮೇಜಿನವಳು. ಅವಳು ತೀರಿಕೊಂಡ ಮೇಲೆ ಸಾಮಾನು ಒಯ್ಯಲು ಬಂದಾಗ ನೀವು, "ಇಷ್ಟು ವರ್ಷ ಇಲ್ಲೇನ್ ಮಾಡ್ತಿದ್ಲಮ್ಮ ಇವ್ಳು?" ಎಂದು ಕೇಳಿದಿರಿ. ಅದನ್ನು ಈಗ ಬರೆದು ತಿಳಿಸುತ್ತಿದ್ದೇನೆ.

ನಮ್ಮ ಮೈಯೊಳಗಿನ ಪ್ರೋಟೀನುಗಳಿಗೆ ಆಗಾಗ ಫಾಸ್ಫೇಟ್ ಎಂಬ ಸಣ್ಣ ರಾಸಾಯನಿಕ ತುಣುಕು ಅಂಟಿಕೊಳ್ಳುತ್ತದೆ. ಅಂಟಬಾರದ ಕಡೆ ಅಂಟಿದರೆ ಕಾಯಿಲೆ ಬರುವುದುಂಟು. ಫಾಸ್ಫೇಟ್ ಅಂಟಿದ ಪ್ರೋಟೀನಿನ ಚೂರನ್ನು ಮಾತ್ರ ಗುರುತಿಸಿ ಹಿಡಿಯುವ ಅಣುವನ್ನು ಅವಳು ಕಟ್ಟುತ್ತಿದ್ದಳು. ಹಿಡಿಯಲೆಂದು ಅದರಲ್ಲಿ ಸತುವಿನ ಎರಡು ಪರಮಾಣುಗಳನ್ನು ಕೂರಿಸಿದ್ದಳು. ಆದರೆ ನೀರಿಗೆ ಹಾಕಿದರೆ ಹಿಡಿತ ಬಿಟ್ಟುಹೋಗುತ್ತಿತ್ತು. ಅದನ್ನು ಸರಿಪಡಿಸಿ ಕೊನೆಯದಾಗಿ ಮಾಡಿಟ್ಟಿದ್ದ ಪುಡಿಯನ್ನು ಪರೀಕ್ಷಿಸಲು ಅವಳಿಗೆ ಆಗಲಿಲ್ಲ.

ಮೊನ್ನೆ ನಾನು ಪರೀಕ್ಷಿಸಿದೆ. ನೀರಿನಲ್ಲೂ ಹಿಡಿಯಿತು. ಫಾಸ್ಫೇಟ್ ಇಲ್ಲದ ಚೂರಿನ ತಂಟೆಗೇ ಹೋಗಲಿಲ್ಲ. ನಮ್ಮ ಮೇಷ್ಟ್ರು, "ಇನ್ನೊಂದ್ಸಲ ಮಾಡಿ ನೋಡು" ಎಂದರು. ಮಾಡಿದೆ, ಅದೇ ಬಂತು. ಗಾಜಿನ ಸಾಮಾನು ತೊಳೆದಿಟ್ಟು ಮನೆಗೆ ಹೋದೆ. ಖುಷಿಯಾಗಬೇಕಿತ್ತು, ಏನೂ ಆಗಲಿಲ್ಲ.

ಅವಳು ಕೈಯಾರೆ ಮಾಡಿದ ಪುಡಿ ಈಗ ಸೀಸೆಯ ತಳದಲ್ಲಿ ಒಂದು ಚಿಟಿಕೆ ಉಳಿದಿದೆ. ಮೇಲಿನ ಚೀಟಿಯಲ್ಲಿ ಅವಳದೇ ಅಕ್ಷರ. ಮುಂದಿನ ಪರೀಕ್ಷೆಗೆ ಅಷ್ಟೂ ಬೇಕು. "ಅದಕ್ಕೆಲ್ಲ ಕೇಳೋದೇನಿದೆ, ಬಳಸು" ಎನ್ನುತ್ತಾರೆ ಮೇಷ್ಟ್ರು. ನಾನು ಸೀಸೆ ತೆಗೆಯುತ್ತೇನೆ, ಮತ್ತೆ ಫ್ರಿಜ್ಜಿನಲ್ಲೇ ಇಡುತ್ತೇನೆ.

ನಿಮಗೆ ಬೇಕೆನಿಸಿದರೆ ತಿಳಿಸಿ. ಇದ್ದ ಹಾಗೇ ತಂದುಕೊಡುತ್ತೇನೆ. ಪರೀಕ್ಷೆಗೆ ನಾನೇ ಹೊಸದಾಗಿ ಮಾಡಿಕೊಳ್ಳುತ್ತೇನೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಪರವಾಗಿಲ್ಲ.

ಇಂತಿ,
ಅವಳ ಗೆಳತಿ